ಎಡಗಡೆಯ ಕಪಾಟು

ಜನವರಿ 3, 2025, ಶುಕ್ರವಾರ

ಮೂವತ್ತಾರು ವರ್ಷ ಗೊಬ್ಬರದ ಕಾರ್ಖಾನೆಯ ಲ್ಯಾಬಿನಲ್ಲಿ ಅಮೋನಿಯ ಅಳೆದವನ ಮೇಜಿಗೆ ಇವತ್ತು ಎಮ್ಮೆಯ ತೊಗಲು ಬಂದು ಬಿದ್ದಿದೆ. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂತು ದಿನಾ ಸಾರಿನಲ್ಲಿ ತಪ್ಪು ಹುಡುಕುತ್ತಿದ್ದೆ ಎಂದು ಸಾವಿತ್ರಿಯೇ ನನ್ನನ್ನು ಹೊರಗೆ ದಬ್ಬಿದಳು. ಗೋರ್ವಾ ಬಡಾವಣೆಯ ನಮ್ಮ ಮನೆಯಿಂದ ಹತ್ತು ನಿಮಿಷ ನಡೆದರೆ ಕೌಶಿಕಭಾಯಿಯ ಟೆಸ್ಟಿಂಗ್ ಲ್ಯಾಬು. ಒಂದೂವರೆ ವರ್ಷ ನೀರು, ಎಣ್ಣೆ, ಬಣ್ಣ ಎಂದು ಮರ್ಯಾದೆಯಾಗಿ ನಡೆದಿತ್ತು. ಈಗ ಚರ್ಮದ ಪರೀಕ್ಷೆ ಮಾಡುತ್ತಿದ್ದವನು ಕೆಲಸ ಬಿಟ್ಟನಂತೆ. ನೀವಿದ್ದೀರಲ್ಲ ಹಯವದನಭಾಯಿ ಎಂದ. ಪಾಂಡೇಸರಾದ ಗಿರಣಿಗಳ ಕೊಳಚೆಯನ್ನಾದರೂ ಕೊಡಪ್ಪ, ಸೂರತ್ತಿಗೆ ನಾನೇ ಹೋಗಿ ಕ್ಯಾನಿನಲ್ಲಿ ತುಂಬಿಕೊಂಡು ಬರುತ್ತೇನೆ, ಚರ್ಮ ಮಾತ್ರ ಬೇಡ ಎಂದೆ. ನಕ್ಕ. ಬಿ.ಕಾಂ. ಓದಿ ಲ್ಯಾಬು ಇಟ್ಟವನು. ಪಿಪೆಟ್ಟನ್ನೂ ಎಳನೀರಿನ ಸ್ಟ್ರಾವನ್ನೂ ಪಕ್ಕಪಕ್ಕದಲ್ಲಿಟ್ಟರೆ ಯಾವುದು ಯಾವುದೆಂದು ಹೇಳಲಾರ.

ಉಪ್ಪಿನ ಮೇಲೆ ನನ್ನ ತಕರಾರಿಲ್ಲ. ಅದನ್ನು ಇಲ್ಲಿ ಬರೆದಿಡುತ್ತೇನೆ. ಬೇಸಿಕ್ ಕ್ರೋಮಿಯಂ ಸಲ್ಫೇಟ್. ಹಸಿರು ಪುಡಿ, ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. ಕಿತ್ತಳೆ ಬಣ್ಣದ ಡೈಕ್ರೋಮೇಟಿಗೆ ಗಂಧಕದ ಹೊಗೆಯನ್ನೋ ಕಾಕಂಬಿಯನ್ನೋ ಕೊಟ್ಟು ಅದರ ಸೊಕ್ಕು ಇಳಿಸಿದರೆ ಸಿಗುವುದು ಇದು. ನಮ್ಮ ಕಡೆ ಹಿಂದೆ ತಂಗಡಿ ತೊಗಟೆಯ ನೀರಿನಲ್ಲಿ ವಾರಗಟ್ಟಲೆ ನೆನೆಸಿ ಹದ ಮಾಡುತ್ತಿದ್ದ ತೊಗಲನ್ನು ಈ ಉಪ್ಪು ಒಂದೇ ದಿನದಲ್ಲಿ ಹದ ಮಾಡುತ್ತದೆ. ಹುಳಿ ನೀರಿನಲ್ಲಿ ಮೊದಲು ಸುಮ್ಮನೆ ಒಳಕ್ಕಿಳಿಯುತ್ತದೆ. ಆಮೇಲೆ ಸ್ವಲ್ಪ ಸೋಡಾ ಬಿದ್ದರೆ ತೊಗಲಿನ ಒಂದೊಂದು ನಾರನ್ನೂ ಹಿಡಿದು ಕಟ್ಟುತ್ತದೆ. ಹಸಿ ತೊಗಲು ಅರವತ್ತು ಡಿಗ್ರಿ ಬಿಸಿನೀರಿಗೇ ಮುದುಡಿಕೊಳ್ಳುತ್ತದೆ. ಇದನ್ನು ಕುಡಿದ ತೊಗಲು ಕುದಿಯುವ ನೀರಿಗೂ ಜಗ್ಗುವುದಿಲ್ಲ, ಕೊಳೆಯುವುದೂ ಇಲ್ಲ, ಬಣ್ಣ ಮಾತ್ರ ತಿಳಿನೀಲಿಗೆ ತಿರುಗುತ್ತದೆ. ಇಷ್ಟು ಬುದ್ಧಿಯಿರುವ ಉಪ್ಪನ್ನು ತೊಗಲಿಗೆ ಸುರಿಯುತ್ತಾರಲ್ಲ ಎಂಬುದೇ ನನ್ನ ಸಂಕಟ.

ಕ್ರೋಮಿಯಂನಲ್ಲಿ ಎರಡು ಬಗೆ. ಈ ಉಪ್ಪಿನಲ್ಲಿರುವುದು ಮೂರರ ಕ್ರೋಮಿಯಂ, ಸಾಧು. ಆರರದು ವಿಷ. ತುರಿಕೆ, ಹುಣ್ಣು, ಮುಂದೆ ಕ್ಯಾನ್ಸರ್. ಹದ ಮಾಡುವವರು ಅಡ್ಡಾದಿಡ್ಡಿ ಮಾಡಿದರೆ ಚರ್ಮದಲ್ಲಿ ಆರರದು ಹುಟ್ಟಿಕೊಳ್ಳುತ್ತದೆ. ಕಿಲೋ ಚರ್ಮಕ್ಕೆ ಮೂರು ಮಿಲಿಗ್ರಾಂ ದಾಟಬಾರದು. ಅದನ್ನು ಹುಡುಕುವುದು ಇನ್ನು ಮುಂದೆ ನನ್ನ ಭಾಗ್ಯ.

ಮಧ್ಯಾಹ್ನವೇ ಗಾಜಿನ ಸಾಮಾನನ್ನು ಎರಡು ಪಾಲು ಮಾಡಿದೆ. ಬಲಗಡೆಯ ಕಪಾಟು ನನ್ನದು, ತೊಗಲು ಮುಟ್ಟಕೂಡದು. ಎಡಗಡೆಯದು ಚರ್ಮಕ್ಕೆ. ಅದನ್ನು ಯಾರೂ ಸೋಪು ಹಚ್ಚಿ ಒರೆಸಿ ಸುಮ್ಮನಾಗುವಂತಿಲ್ಲ. ಮೈಸೂರಿನಲ್ಲಿ ನಮ್ಮ ಮೇಷ್ಟ್ರು ಕಲಿಸಿದ ಹಾಗೆ ಕ್ರೋಮಿಕ್ ಆಸಿಡ್ಡಿನ ತೊಟ್ಟಿಯಲ್ಲಿ ಅದ್ದಿಟ್ಟು ನಾನೇ ತೊಳೆಯುತ್ತೇನೆ. ಕೊಬ್ಬು, ಕೂದಲು, ಪಾಪ, ಎಲ್ಲವನ್ನೂ ಸುಟ್ಟು ತೆಗೆಯುವ ಆಸಿಡ್ಡು ಅದು.

ನನ್ನ ಕೈಕೆಳಗೆ ತನುಶ್ರೀ ಎಂಬ ಹುಡುಗಿ ಇದ್ದಾಳೆ. ವಿಮಾ ಕಂಪನಿಯಲ್ಲಿರುವ ನಮ್ಮ ಹಾಸನದವರ ಮಗಳು, ಹುಟ್ಟಿದ್ದು ಬೆಳೆದದ್ದು ಇಲ್ಲೇ ಗುಜರಾತಿನಲ್ಲಿ. "ಅಂಕಲ್, ಗ್ಲಾಸ್ ಎಲ್ಲಾ ಅಲಗ್ ಅಲಗ್ ಯಾಕೆ ಇಟ್ಟಿದೆ ನೀವು?" ಎಂದು ಕೇಳಿದಳು. ಮೊದಲು ಕನ್ನಡ ಕಲಿ, ಆಮೇಲೆ ಕೆಮಿಸ್ಟ್ರಿ ಕೇಳು ಎಂದೆ.

ಜನವರಿ 6, ಸೋಮವಾರ

ಮೊದಲ ಸ್ಯಾಂಪಲ್ಲಿಗೇ ಸಿಕ್ಕಿಬಿದ್ದರು. ಅಹಮದಾಬಾದಿನ ಯಾವುದೋ ಗಲ್ಲಿಯ ಕಾರ್ಖಾನೆ, ಮಕ್ಕಳ ಚಪ್ಪಲಿ ಹೊಲಿಯುತ್ತಾರಂತೆ. ನವರಂಗಪುರದ ದೊಡ್ಡ ಅಂಗಡಿಯೊಂದು ಸರ್ಟಿಫಿಕೇಟು ಇಲ್ಲದೆ ಮಾಲು ಮುಟ್ಟುವುದಿಲ್ಲ ಎಂದಿದೆ. ಚರ್ಮವನ್ನು ಚಿಮಟದಲ್ಲಿ ಹಿಡಿದು ಕತ್ತರಿಸಿ, ಎರಡು ಗ್ರಾಂ ತೂಗಿ, ದ್ರಾವಣದಲ್ಲಿ ಮೂರು ಗಂಟೆ ಅಲ್ಲಾಡಿಸಿ, ಸೋಸಿ, ಬಣ್ಣ ಬರಿಸುವ ಮದ್ದು ಹಾಕಿದೆ. ನೇರಳೆ ಬಂತು. ನೇರಳೆ ಬಂದರೆ ಆರರ ಕ್ರೋಮಿಯಂ. ಯಂತ್ರದಲ್ಲಿ ಅಳೆದೆ: ಹನ್ನೊಂದು. ಚರ್ಮವಿಲ್ಲದ ಖಾಲಿ ದ್ರಾವಣವನ್ನೂ ಪಕ್ಕದಲ್ಲಿ ಇಟ್ಟು ನೋಡುವುದು ಕ್ರಮ. ಅದನ್ನು ಬಲಗಡೆಯ ಕಪಾಟಿನ ಶುದ್ಧ ಫ್ಲಾಸ್ಕಿನಲ್ಲಿ ಮಾಡಿದೆ. ನೀರಿನ ಹಾಗೆ ತಿಳಿಯಾಗಿತ್ತು.

ಮಕ್ಕಳ ಕಾಲಿಗೆ ವಿಷ ತೊಡಿಸಲು ಹೊರಟಿದ್ದವರು. ಫೇಲ್ ಎಂದು ಬರೆದು ಸಹಿ ಹಾಕಿದೆ. ಬಹಳ ದಿನದ ಮೇಲೆ ಕೆಲಸ ಮಾಡಿದ ತೃಪ್ತಿ ಸಿಕ್ಕಿತು.

ಜನವರಿ 9, ಗುರುವಾರ

ಆ ಕಾರ್ಖಾನೆಯ ಹೆಂಗಸು ಬಂದಿದ್ದಳು. ಯಶೋದಾಬೆನ್ ಎಂದು ಹೆಸರು. ಐವತ್ತರ ಮೇಲಿರಬೇಕು, ಗಟ್ಟಿ ಮೈಕಟ್ಟು, ಉಗುರಿನ ಸುತ್ತ ಗೋಂದು. ಅಡ್ಡಹೆಸರು ಕೇಳಿದೆ. ಹೇಳಿದಳು. ನನಗೆ ಬೇಕಾದ್ದು ತಿಳಿಯಿತು. ಕೂತುಕೊಳ್ಳಿ ಎನ್ನಲಿಲ್ಲ.

ಚೀಲದಿಂದ ಚರ್ಮದ ತುಂಡು ತೆಗೆದು ನನ್ನ ಮೇಜಿನ ಮೇಲಿಡಲು ಬಂದಳು. ಕೆಳಗಿಡಮ್ಮ ಎಂದೆ. ನೆಲದ ಮೇಲಿಡಲಿಲ್ಲ, ಕೈಯಲ್ಲೇ ಹಿಡಿದುಕೊಂಡಳು. ಅವಳ ಅರ್ಧ ಗುಜರಾತಿ ಅರ್ಧ ಹಿಂದಿಯನ್ನು ಕನ್ನಡಕ್ಕಿಳಿಸಿದರೆ ಇಷ್ಟು: "ಸಾಹೇಬ್, ಹತ್ತೊಂಬತ್ತು ವರ್ಷದಿಂದ ಒಬ್ಬನ ಹತ್ತಿರವೇ ಚರ್ಮ ತಗೊಳ್ತಿದೀನಿ. ಹನ್ನೊಂದು ಜನ ಹೆಂಗಸರು ಹೊಲೀತಾರೆ. ಒಬ್ಬಳ ಕೈಯಲ್ಲೂ ಒಂದು ಗುಳ್ಳೆ ಎದ್ದಿಲ್ಲ. ಇನ್ನೊಂದು ಸಲ ನೋಡಿ." ಎರಡನೆಯ ಪರೀಕ್ಷೆಯಲ್ಲೂ ಫೇಲಾದರೆ ಅಂಗಡಿಯವರು ಆರ್ಡರ್ ರದ್ದು ಮಾಡುತ್ತಾರೆ, ಇಪ್ಪತ್ತೈದನೇ ತಾರೀಕಿಗೆ ಅಷ್ಟೂ ಚರ್ಮ ವಿಷದ ಕಸದ ಗುಂಡಿಗೆ ಹೋಗುತ್ತದೆ, ಕಾರ್ಖಾನೆಗೆ ಬೀಗ ಹಾಕಬೇಕಾಗುತ್ತದೆ ಎಂದಳು.

ಆಮೇಲೆ ಮಾಡಿದ್ದು ನೋಡಿ. ತನುಶ್ರೀಯ ಕಡೆ ತಿರುಗಿ ನೀರು ಕುದಿಸು ಮಗಳೇ ಎಂದಳು. ಈ ಪೆದ್ದಿ ಕುದಿಸಿಯೇ ಬಿಟ್ಟಳು. ತುಂಡನ್ನು ಕುದಿಯುವ ನೀರಿಗೆ ಹಾಕಿ ಎರಡು ನಿಮಿಷ ಬಿಟ್ಟು ತೆಗೆದು ತೋರಿಸಿದಳು. ಅಂಚು ಕೂಡ ಮುದುಡಿರಲಿಲ್ಲ. ಹದ ಸರಿಯಾಗಿದೆ ಎನ್ನುವುದಕ್ಕೆ ಅವರ ಕಸುಬಿನಲ್ಲಿ ಇದೇ ಪರೀಕ್ಷೆಯಂತೆ. ತಾಯಿ, ಇದರಿಂದ ಉಪ್ಪು ಒಳಗೆ ಹಿಡಿದಿದೆ ಎಂದು ಗೊತ್ತಾಗುತ್ತದೆಯೇ ಹೊರತು ವಿಷ ಇಲ್ಲ ಎಂದಲ್ಲ ಎಂದು ಬಿಡಿಸಿ ಹೇಳಿದೆ. ವಿಷವನ್ನು ಕಣ್ಣಿಂದ ನೋಡಲಾಗುವುದಿಲ್ಲ, ಅದಕ್ಕೇ ನಮ್ಮಂಥವರು ಇರುವುದು ಎಂದೂ ಸೇರಿಸಿದೆ. ಎರಡನೆಯ ಸ್ಯಾಂಪಲ್ ಕೊಟ್ಟು ಹೋದಳು.

ಅವಳು ಮುಟ್ಟಿದ ಬೀಕರನ್ನು ಎಡಗಡೆಯ ಕಪಾಟಿಗೆ ಸೇರಿಸಿದೆ.

ಜನವರಿ 14, ಮಂಗಳವಾರ

ಉತ್ತರಾಯಣ. ಊರಿಗೆ ಊರೇ ತಾರಸಿಯ ಮೇಲೆ. ಮುದುಕರೂ ಗಾಳಿಪಟದ ದಾರಕ್ಕೆ ಬೆರಳು ಕೊಯ್ದುಕೊಂಡು ಕುಣಿಯುತ್ತಾರೆ. ಎದುರುಮನೆಯಿಂದ ಊಂಧಿಯು ಎಂಬ ಹಬ್ಬದ ಪಲ್ಯ ಕಳಿಸಿದ್ದರು, ಸಾವಿತ್ರಿ ತಿಂದಳು, ನಾನು ಮುಟ್ಟಲಿಲ್ಲ. ನಲವತ್ತು ವರ್ಷದಿಂದ ಮನೆಯಡಿಗೆ ಬಿಟ್ಟು ಹೊರಗಿನದು ನನ್ನ ನಾಲಿಗೆಗೆ ತಾಗಿಲ್ಲ. ಈ ಊರಿಗೆ ಕೆಲಸಕ್ಕೆ ಬಂದ ದಿನದಿಂದ ಅದನ್ನು ಕಾಪಾಡಿಕೊಂಡಿದ್ದೇನೆ.

ಎಳ್ಳು ಬೀರುವಾಗ ಸಾವಿತ್ರಿ ನನ್ನ ಕೈ ಹಿಡಿದು ನೋಡಿ, "ಏನ್ರೀ ಇದು, ಬೆರಳೆಲ್ಲ ಹಳದಿ ಹಳದಿ. ಏನು ತೊಳೀತೀರಿ ಅಷ್ಟು?" ಎಂದಳು. ಬೇರೆಯವರ ಗಲೀಜು ಎಂದೆ.

ಜನವರಿ 16, ಗುರುವಾರ

ಎರಡನೆಯ ಪರೀಕ್ಷೆ. ಈ ಸಲ ಯಾರೂ ಬೆರಳು ತೋರಿಸಬಾರದೆಂದು ಫ್ಲಾಸ್ಕುಗಳನ್ನು ಆಸಿಡ್ಡಿನಲ್ಲಿ ರಾತ್ರಿಯಿಡೀ ನೆನೆಸಿ, ಬೆಳಗ್ಗೆ ಇನ್ನೆರಡು ಸಲ ಅದ್ದಿ ತೆಗೆದಿದ್ದೆ. ಬಂದದ್ದು ಹತ್ತೊಂಬತ್ತು! ಹನ್ನೊಂದಕ್ಕಿಂತ ಹೆಚ್ಚು. ಖಾಲಿ ದ್ರಾವಣ ಎಂದಿನಂತೆ ತಿಳಿ. ಫೇಲ್.

ಸಂಜೆ ಆ ಹೆಂಗಸಿನ ಫೋನು. ಕೆಲಸದವಳೊಬ್ಬಳು ಮೊದಲ ವರದಿಯ ಫೋಟೋ ತೆಗೆದು ಮನೆಯಲ್ಲಿ ತೋರಿಸಿದ್ದಳಂತೆ. ಅದು ಗಲ್ಲಿಯೆಲ್ಲ ಹರಿದಾಡಿದೆ. ಹೊಲಿಯುವ ಹೆಂಗಸರ ಕೈಯಲ್ಲಿ ವಿಷವಿದೆ ಎಂದು ಮನೆಗಳಲ್ಲಿ ಹಿಟ್ಟು ನಾದಲು ಬಿಡುತ್ತಿಲ್ಲವಂತೆ. ಪದ್ಮಾ ಎನ್ನುವವಳ ಅತ್ತೆ ಅವಳ ಕೂಸನ್ನೇ ಅವಳ ಕೈಗೆ ಕೊಡುತ್ತಿಲ್ಲವಂತೆ. ಏಳು ಜನ ಕೆಲಸಕ್ಕೆ ಬರುವುದನ್ನೇ ನಿಲ್ಲಿಸಿದ್ದಾರೆ. ಇದನ್ನೆಲ್ಲ ನನಗೇಕೆ ಹೇಳುತ್ತೀಯಮ್ಮ, ಎರಡನೆಯದೂ ಫೇಲ್ ಎಂದೆ. ಫೋನು ಇಟ್ಟಳು.

ಕೈಗೆ ಅಂಟಿದ್ದಕ್ಕೆ ನಾನು ಹೊಣೆಯೇ? ಕಸುಬು ಆರಿಸಿಕೊಂಡವರು ಅವರು. ಊಟ ಸೇರಲಿಲ್ಲ. ಸಾರಿಗೆ ಹುಳಿ ಜಾಸ್ತಿಯಾಗಿತ್ತು.

ಜನವರಿ 18, ಶನಿವಾರ

ತನುಶ್ರೀಗೆ ಕೊಬ್ಬು ಏರಿದೆ. ನಾನು ನಿನ್ನೆ ಮನೆಗೆ ಹೋದ ಮೇಲೆ ಅದೇ ಚರ್ಮದ ಉಳಿದ ತುಂಡನ್ನು ಪರೀಕ್ಷೆ ಮಾಡಿದ್ದಾಳೆ, ಅದೂ ಡಬ್ಬ ಒಡೆದು ತೆಗೆದ ಹೊಚ್ಚಹೊಸ ಫ್ಲಾಸ್ಕಿನಲ್ಲಿ. ಬಣ್ಣವೇ ಬರಲಿಲ್ಲವಂತೆ. ನೀನು ತೂಕ ತಪ್ಪಿರುತ್ತೀಯ, ಮದ್ದು ಹಳೆಯದಾಗಿರುತ್ತದೆ, ಅಲ್ಲಾಡಿಸಿರುವುದಿಲ್ಲ ಎಂದು ಬೈದೆ. ಎಲ್ಲಕ್ಕೂ ಮಾಡಿದೆ ಅಂಕಲ್, ಮಾಡಿದೆ ಅಂಕಲ್ ಎಂದಳು. ಕೊನೆಗೆ ಪರೀಕ್ಷಾ ವಿಧಾನದ ಪುಸ್ತಕ ತಂದು ಒಂದು ಸಾಲಿನ ಕೆಳಗೆ ಬೆರಳಿಟ್ಟು ನಿಂತಳು. ಗಾಜಿನ ಪಾತ್ರೆಗಳನ್ನು ತೊಳೆಯಲು ಕ್ರೋಮಿಕ್ ಆಸಿಡ್ ಬಳಸಕೂಡದು.

ಆ ಪುಸ್ತಕವನ್ನು ನಾನು ಓದಿರಲಿಲ್ಲ. ಯಾಕೆ ಓದಬೇಕು? ಇವಳು ಹುಟ್ಟುವ ಮೊದಲೇ ನಾನು ಟೈಟ್ರೇಷನ್ ಮಾಡುತ್ತಿದ್ದವನು.

"ಅಂಕಲ್, ಖಾಲಿದು ನೀವು ಬಲಗಡೆ ಫ್ಲಾಸ್ಕಲ್ಲಿ ಮಾಡಿದೆ. ಅದಕ್ಕೆ ಆಸಿಡ್ ಹಾಕೇ ಇಲ್ಲ. ಎಡಗಡೆದರಲ್ಲಿ ಖಾಲಿ ಮಾಡಿ ನೋಡಿ ಒಂದ್ಸಲ."

ಅಷ್ಟು ಹೇಳಿ ನಿಂತಳು. ಕಣ್ಣಲ್ಲಿ ನೀರಿತ್ತು, ಹೆದರಿದ್ದಳು. ಹೋಗಾಚೆ ಎಂದೆ.

ಜನವರಿ 19, ಭಾನುವಾರ

ಬೆಳಗ್ಗೆ ಸಂಧ್ಯಾವಂದನೆಯ ಮಂತ್ರ ಎರಡು ಸಲ ತಪ್ಪಿತು. ಕಾವಲುಗಾರನಿಂದ ಬೀಗದ ಕೈ ತೆಗೆದುಕೊಂಡು ಹೋಗಿ ಒಬ್ಬನೇ ಮಾಡಿದೆ. ಎಡಗಡೆಯ ಕಪಾಟಿನ ನಾಲ್ಕು ಫ್ಲಾಸ್ಕು. ಬರೀ ದ್ರಾವಣ. ಚರ್ಮ ಒಂದು ಚೂರೂ ಹಾಕಲಿಲ್ಲ.

ನಾಲ್ಕರಲ್ಲೂ ನೇರಳೆ ಬಂತು.

ಜನವರಿ 20, ಸೋಮವಾರ

ಬರೆಯಲೇಬೇಕು. ಆ ಆಸಿಡ್ಡೇ ಡೈಕ್ರೋಮೇಟ್. ಅಂದರೆ ಆರರ ಕ್ರೋಮಿಯಂ. ಗಾಜಿಗೆ ಅಂಟಿಕೊಂಡರೆ ಹತ್ತು ಸಲ ನೀರು ಹುಯ್ದರೂ ಪೂರ್ತಿ ಬಿಡುವುದಿಲ್ಲ. ಅದನ್ನು ಮೊದಲನೇ ವರ್ಷದ ಬಿ.ಎಸ್ಸಿ. ಹುಡುಗನೂ ಹೇಳುತ್ತಾನೆ. ಹುಡುಕುತ್ತಿದ್ದ ವಿಷವನ್ನು ನಾನೇ ಅದ್ದಿ, ನಾನೇ ಅಳೆದು, ನಾನೇ ಸಹಿ ಹಾಕಿದೆ. ಎರಡನೆಯ ಸಲ ಹೆಚ್ಚು ತೊಳೆದೆ, ಹೆಚ್ಚು ಬಂತು. ಗಾಜನ್ನೆಲ್ಲ ಒಂದೇ ಕಪಾಟಿನಲ್ಲಿ ಇಟ್ಟಿದ್ದರೆ, ಎಲ್ಲವನ್ನೂ ಒಂದೇ ರೀತಿ ತೊಳೆದಿದ್ದರೆ, ಖಾಲಿ ದ್ರಾವಣದಲ್ಲೂ ಬಣ್ಣ ಬಂದು ಮೊದಲ ದಿನವೇ ಗೊತ್ತಾಗುತ್ತಿತ್ತು. ಮೂವತ್ತಾರು ವರ್ಷದ ಕತ್ತೆ.

ಕೌಶಿಕಭಾಯಿಗೆ ಹೇಳಿದೆ. ಅವನು ಬಾಗಿಲು ಹಾಕಿ, ಚಹಾ ತರಿಸಿ, ತಾನೇ ಎರಡೂ ಕಪ್ಪು ಕುಡಿದ. ಆಮೇಲೆ ಉಪಾಯ ಹೇಳಿದ. ಮೂರನೆಯ ಸ್ಯಾಂಪಲ್ ತರಿಸಿ, ಹೊಸ ಫ್ಲಾಸ್ಕಿನಲ್ಲಿ ಮಾಡಿ, ಪಾಸ್ ಎಂದು ಬರೆಯಿರಿ. ಮೊದಲಿನ ಎರಡು ತುಂಡು ಬೇರೆ, ಇದು ಬೇರೆ. ಯಾರ ಮರ್ಯಾದೆಯೂ ಹೋಗುವುದಿಲ್ಲ, ಇಪ್ಪತ್ತೈದಕ್ಕೆ ಇನ್ನೂ ಐದು ದಿನವಿದೆ, ಅವಳ ಚರ್ಮವೂ ಗುಂಡಿಗೆ ಹೋಗುವುದಿಲ್ಲ. ಅವನಿಗೆ ಮೊದಲ ಬಾರಿ ಬುದ್ಧಿಯಿದೆ ಎನ್ನಿಸಿತು. ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ನನ್ನ ತಪ್ಪೆಂದು ಊರೆಲ್ಲ ಸಾರಿದರೆ ಯಾರಿಗೆ ಏನು ಸಿಕ್ಕಂತಾಯಿತು?

ಯಶೋದಾಬೆನ್ ಮಧ್ಯಾಹ್ನದ ಬಸ್ಸಿಗೇ ತುಂಡು ತಂದು ಕೊಟ್ಟಳು. ಮೂರು ಗಂಟೆ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಹೊಸ ಫ್ಲಾಸ್ಕಿನಲ್ಲಿ ಬಣ್ಣ ಬರಲಿಲ್ಲ. ಪಾಸ್ ಎಂದು ಬರೆದು ಕೈಗೆ ಕೊಟ್ಟೆ. ಕಾಗದವನ್ನು ಹಣೆಗೆ ಒತ್ತಿಕೊಂಡಳು. ನನಗೆ ಅದು ಹಿಡಿಸಲಿಲ್ಲ.

ತನುಶ್ರೀ ನನ್ನೊಂದಿಗೆ ಮಾತಾಡಲಿಲ್ಲ. ಒಳ್ಳೆಯದೇ ಆಯಿತು, ಕನ್ನಡ ಉಳಿಯಿತು.

ಜನವರಿ 22, ಬುಧವಾರ

ಮುಗಿಯಿತು ಎಂದುಕೊಂಡಿದ್ದೆ. ಇವತ್ತು ಯಶೋದಾಬೆನ್ ಮತ್ತೆ ಫೋನು ಮಾಡಿದರು. ಅಂಗಡಿಯವರು ವರದಿ ಒಪ್ಪಿದ್ದಾರೆ, ಚರ್ಮ ಉಳಿಯಿತು. ಆದರೆ ಏಳು ಜನರಲ್ಲಿ ಒಬ್ಬರೂ ಬಂದಿಲ್ಲ, ನಾಲ್ಕು ಜನರಿಂದ ಆರ್ಡರ್ ಮುಗಿಯುವುದಿಲ್ಲ. ಹೊಸ ವರದಿಯನ್ನು ಮನೆಮನೆಗೆ ಒಯ್ದು ತೋರಿಸಿದರಂತೆ. ಮೂರನೆಯ ತುಂಡು ಒಳ್ಳೆಯದು ಎಂದರೆ ಮೊದಲಿನೆರಡು ವಿಷ ಎಂದೇ ಆಯಿತಲ್ಲ ಎಂದು ಎಲ್ಲ ಮನೆಯಲ್ಲೂ ಒಂದೇ ಮಾತು. ಪದ್ಮಾ ಕೂಸನ್ನು ಮುಟ್ಟದೆ ಹದಿಮೂರು ದಿನವಾಗಿದೆ. ಹಾಲುಕೂಸು. ಅದಕ್ಕೆ ಈಗ ಬಾಟಲಿಯ ಹಾಲು.

"ಸಾಹೇಬ್, ಆ ಮೂರೂ ತುಂಡನ್ನು ಒಂದೇ ಚರ್ಮದಿಂದ ಕತ್ತರಿಸಿದವಳು ನಾನು. ಎರಡರಲ್ಲಿ ವಿಷ, ಒಂದರಲ್ಲಿ ಇಲ್ಲ. ಅದು ಹೇಗೆ?"

ಅದು ವಿಜ್ಞಾನದ ವಿಷಯ, ಹೇಳಿದರೆ ಅರ್ಥವಾಗುವುದಿಲ್ಲ ಎಂದೆ.

"ಪದ್ಮಾಳ ಅತ್ತೆಗೆ ಬಂದು ನೀವೇ ಹೇಳಿ. ಅವಳಿಗೆ ಅರ್ಥ ಆದರೆ ಸಾಕು."

ಫೋನು ಇಟ್ಟರು. ಎಂಥ ಜಗಮೊಂಡ ಹೆಂಗಸು. ಹತ್ತೊಂಬತ್ತು ವರ್ಷ ಈ ಕಸುಬು ನಡೆಸಿದವರಿಗೆ ಒಂದೇ ಚರ್ಮ ಮೂರು ಉತ್ತರ ಕೊಡುವುದಿಲ್ಲ ಎಂದು ಗೊತ್ತಿರದೆ ಇರುತ್ತದೆಯೇ? ಅವರಿಗೆ ಗೊತ್ತಿದೆ. ನನ್ನ ಬಾಯಿಂದ ಬರಲಿ ಎಂದು ಕಾಯುತ್ತಿದ್ದಾರೆ.

ಸಾವಿತ್ರಿ ನನ್ನ ಮುಖ ನೋಡಿ ಏನಾಯಿತು ಎಂದು ಕೇಳಿದಳು. ಹೇಳಿದೆ. ಎಲ್ಲವನ್ನೂ ಹೇಳಿದೆ. ಅವಳು ಬತ್ತಿ ಹೊಸೆಯುತ್ತಿದ್ದಳು, ನಿಲ್ಲಿಸಲಿಲ್ಲ. "ನಮ್ಮ ವಿಂಧ್ಯಾ ಹುಟ್ಟಿದಾಗ ನಿಮ್ಮಮ್ಮ ಮೈಲಿಗೆ ಅಂತ ಹತ್ತು ದಿನ ನಿಮ್ಮನ್ನ ಕೋಣೆಗೆ ಬಿಡಲಿಲ್ಲ. ಕಿಟಕೀಲಿ ನಿಂತ್ಕೊಂಡು ಅತ್ತಿದ್ರಿ" ಎಂದಳು. ನನಗೆ ಅಂಥದ್ದೇನೂ ನೆನಪಿಲ್ಲ. ಅತ್ತಿರಲಾರೆ.

ಜನವರಿ 23, ಗುರುವಾರ

ಬರೆದೆ. ಎರಡೂ ವರದಿಗಳು ತಪ್ಪು, ಚರ್ಮದಲ್ಲಿ ದೋಷವಿರಲಿಲ್ಲ, ವಿಷವಿದ್ದದ್ದು ನಾನು ತೊಳೆದ ಪಾತ್ರೆಯಲ್ಲಿ, ಇದಕ್ಕೆ ನಾನೊಬ್ಬನೇ ಹೊಣೆ. ಇಂಗ್ಲಿಷಿನಲ್ಲಿ ನಾಲ್ಕು ಸಾಲು. ನಾಲ್ಕು ಸಾಲಿಗೆ ಬೆಳಗಿನಿಂದ ಮಧ್ಯಾಹ್ನದವರೆಗೆ ಹಿಡಿಯಿತು.

ಕೌಶಿಕಭಾಯಿ ಲ್ಯಾಬಿನ ಮೊಹರು ಹಾಕಲು ಒಪ್ಪಲಿಲ್ಲ. ಇದು ಹೊರಗೆ ಹೋದರೆ ಹಳೆಯ ವರದಿಗಳನ್ನೆಲ್ಲ ಜನ ಕೆದಕುತ್ತಾರೆ ಎಂದ. ಕೆದಕಲಿ, ಎಡಗಡೆಯ ಕಪಾಟಿನ ಗಾಜಿನಲ್ಲಿ ಮಾಡಿದ್ದು ಈ ಎರಡೇ ಎಂದೆ. ಮೊಹರಿಲ್ಲದೆ ನನ್ನ ಸಹಿಯನ್ನಷ್ಟೇ ಹಾಕಿದೆ. ಸೋಮವಾರದಿಂದ ಬರಬೇಡಿ ಎಂದು ಬಹಳ ವಿನಯದಿಂದ ಹೇಳಿ ಕೈಮುಗಿದ. ವಿನಯದಲ್ಲಿ ಈ ಊರಿನವರನ್ನು ಮೀರಿಸಲಾಗುವುದಿಲ್ಲ.

ತನುಶ್ರೀ ಅದನ್ನು ಗುಜರಾತಿಯಲ್ಲಿ ಬರೆದುಕೊಟ್ಟಳು. ಓದಿ ಹೇಳು ಎಂದೆ. ಓದಿದಳು. "ನಾನೊಬ್ಬನೇ ಹೊಣೆ" ಎಂಬಲ್ಲಿ ತಡವರಿಸಿದಳು. ಅದನ್ನು ಮೃದು ಮಾಡಬೇಡ ಎಂದೆ. ಅಕ್ಷರ ಮುತ್ತಿನ ಹಾಗಿದೆ. ಅಷ್ಟು ಚೆನ್ನಾದ ಅಕ್ಷರವನ್ನು ಪರಭಾಷೆಗೆ ವ್ಯರ್ಥ ಮಾಡುತ್ತಿದ್ದಾಳೆ. ಹೊರಡುವಾಗ ಎಡಗಡೆಯ ಕಪಾಟಿನ ಗಾಜನ್ನೆಲ್ಲ ಪೆಟ್ಟಿಗೆಗೆ ತುಂಬಿ ಒಡೆಯಲು ಕೊಡು ಎಂದು ಹೇಳಿ ಬಂದೆ.

ಜನವರಿ 25, ಶನಿವಾರ

ಏಕಾದಶಿ. ನೀರು ಕೂಡ ಕುಡಿಯದೆ ಬೆಳಗಿನ ಟ್ರೇನು ಹಿಡಿದೆ. ಅಹಮದಾಬಾದಿನ ಸ್ಟೇಷನ್ನಿಗೆ ಯಶೋದಾಬೆನ್ ಅವರೇ ಆಟೋ ತಂದಿದ್ದರು. ದಾರಿಯಲ್ಲೇ ಹೇಳಿಬಿಟ್ಟೆ. ತಪ್ಪು ನನ್ನದು, ಪಾತ್ರೆಯದು, ಚರ್ಮದ್ದಲ್ಲ. ಅವರು ಹೊರಗೆ ನೋಡುತ್ತ, ನನಗೆ ಮೂರನೆಯ ಕಾಗದ ಬಂದ ದಿನವೇ ಗೊತ್ತಾಯಿತು ಎಂದರು. ಹಾಗಾದರೆ ಯಾಕೆ ಜಗಳ ಆಡಲಿಲ್ಲ ಎಂದೆ. ಜಗಳ ಆಡಿದ್ದರೆ ನೀವು ಬರುತ್ತಿರಲಿಲ್ಲ ಎಂದರು. ಅದು ನಿಜ.

ಮೊದಲು ಪದ್ಮಾಳ ಮನೆ. ಒಂದು ಕೋಣೆ, ಒಂದು ಕಟ್ಟೆ. ಅತ್ತೆಯ ಹೆಸರು ಜಮನಾಬಾ, ಎಪ್ಪತ್ತರ ಮುದುಕಿ, ಮಡಿಲಲ್ಲಿ ಕೂಸು. ಪದ್ಮಾ ಬಾಗಿಲ ಹತ್ತಿರ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ನಿಂತಿದ್ದಳು. ಸೋಡಾ ಹಾಕಿ ತಿಕ್ಕಿ ತಿಕ್ಕಿ ಬೆರಳುಗಳ ಸಿಪ್ಪೆ ಎದ್ದಿತ್ತು. ಹತ್ತೊಂಬತ್ತು ವರ್ಷದಲ್ಲಿ ಚರ್ಮ ಮಾಡದ ಗಾಯವನ್ನು ನನ್ನ ಕಾಗದ ಎರಡು ವಾರದಲ್ಲಿ ಮಾಡಿತ್ತು. ನನ್ನ ಹಿಂದಿಯಲ್ಲಿ ಹೇಳಿದೆ. ಕಾಗದವನ್ನೂ ಓದಿಸಿದೆ. ಮುದುಕಿ ಪೂರ್ತಿ ಕೇಳಿದಳು.

"ಮೊದಲಿನ ಕಾಗದಕ್ಕೂ ನಿಮ್ಮದೇ ಸಹಿ. ಇದಕ್ಕೂ ನಿಮ್ಮದೇ ಸಹಿ. ಯಾವುದನ್ನು ನಂಬಲಿ?"

ಮೂವತ್ತಾರು ವರ್ಷದಲ್ಲಿ ಯಾವ ಇನ್‌ಸ್ಪೆಕ್ಟರೂ ನನ್ನನ್ನು ಹೀಗೆ ನಿಲ್ಲಿಸಿರಲಿಲ್ಲ.

ಮುದುಕಿ ಪದ್ಮಾಳಿಗೆ ಒಂದು ರೊಟ್ಲೊ ತಟ್ಟು ಎಂದಳು. ಇವರು ತಿನ್ನಲಿ, ಆಮೇಲೆ ನೋಡೋಣ ಎಂದಳು. ಪದ್ಮಾ ಸಜ್ಜೆಹಿಟ್ಟು ಕಲಸಿ, ಆ ಸಿಪ್ಪೆ ಎದ್ದ ಎರಡು ಅಂಗೈಗಳ ನಡುವೆಯೇ ಹಿಟ್ಟನ್ನು ತಿರುಗಿಸಿ ತಿರುಗಿಸಿ ತಟ್ಟಿದಳು. ಲಟ್ಟಣಿಗೆ ಇಲ್ಲ, ಕೈ ಮಾತ್ರ. ಯಶೋದಾಬೆನ್ ನನ್ನ ಕಡೆ ನೋಡಲಿಲ್ಲ. ಇವತ್ತು ಏಕಾದಶಿ, ಉಪವಾಸ ಎಂದರೆ ಸಾಕಿತ್ತು. ಆ ಮಾತು ಇವರಿಗೂ ತಿಳಿಯುತ್ತದೆ, ಇಲ್ಲಿಯೂ ವ್ರತ ಹಿಡಿಯುವವರಿದ್ದಾರೆ. ನಿಜವೇ ಆಗಿತ್ತು ಕೂಡ. ಆದರೆ ಆ ಕೋಣೆಯಲ್ಲಿ ಅದನ್ನು ಹೇಳಿದ್ದರೆ ನನ್ನ ನಿಜಕ್ಕೆ ಪದ್ಮಾ ಮತ್ತೆ ಬಾಗಿಲ ಹತ್ತಿರ ನಿಲ್ಲಬೇಕಾಗುತ್ತಿತ್ತು. ತಿಂದೆ.

ಒಂದು ಕಡೆ ಸೀದಿತ್ತು. ಉಪ್ಪು ಸಾಲದು. ಬೆಲ್ಲ ಕೊಟ್ಟಿದ್ದರು, ಬೆಲ್ಲ ಚೆನ್ನಾಗಿತ್ತು. ಕೊನೆಯ ಚೂರನ್ನು ನಾನು ನುಂಗುವವರೆಗೂ ಮುದುಕಿ ನನ್ನ ಗಂಟಲನ್ನೇ ನೋಡುತ್ತಿದ್ದಳು. ಆಮೇಲೆ ಕೂಸನ್ನು ಎತ್ತಿ ಪದ್ಮಾಳ ಕೈಗೆ ಕೊಟ್ಟಳು. ಪದ್ಮಾ ಗೋಡೆಯ ಕಡೆ ತಿರುಗಿ ಕೂತಳು. ನಾನು ಚಪ್ಪಲಿ ಹುಡುಕುವ ನೆಪದಲ್ಲಿ ಹೊರಗೆ ಬಂದೆ.

ಒಟ್ಟು ಏಳು ಮನೆ. ಎರಡನೆಯ ಮನೆಗೆ ಹೋಗುವಷ್ಟರಲ್ಲಿ ಸುದ್ದಿ ನಮಗಿಂತ ಮುಂದೆ ಓಡಿತ್ತು. ಒಲೆ ಹೊತ್ತಿಸಿಕೊಂಡೇ ಕಾಯುತ್ತಿದ್ದರು. ಮೂರನ್ನು ಪೂರ್ತಿ ತಿಂದೆ, ಆಮೇಲೆ ಅರ್ಧ, ಕಾಲು. ಐದನೆಯ ಮನೆಯಲ್ಲಿ ಬೆಳ್ಳುಳ್ಳಿ ಚಟ್ನಿ ಹಚ್ಚಿ ಕೊಟ್ಟರು. ನಮ್ಮ ಮನೆಗೆ ಬೆಳ್ಳುಳ್ಳಿ ಈವರೆಗೆ ಹೊಸಿಲು ದಾಟಿಲ್ಲ. ಖಾರಕ್ಕೆ ಕಣ್ಣಲ್ಲಿ ನೀರು ಬಂತು, ಅಲ್ಲಿದ್ದ ಮಕ್ಕಳೆಲ್ಲ ನಕ್ಕರು. ತೀರ ಅಸಭ್ಯ ಮಕ್ಕಳು.

ಏಳನೆಯ ಮನೆಯವರು ಓದಿದವರು. ಗಂಡ ಯಾವುದೋ ಆಫೀಸಿನಲ್ಲಿ ಗುಮಾಸ್ತ. ಕಾಗದವನ್ನು ಎರಡು ಸಲ ಓದಿ, ಸರಿ ಸಾಹೇಬ್, ನಂಬಿದೆವು, ಸೋಮವಾರದಿಂದ ಕಳಿಸುತ್ತೇವೆ ಎಂದ. ಯಾರೂ ಒಲೆ ಹಚ್ಚಲಿಲ್ಲ, ಯಾರೂ ನನ್ನನ್ನು ಏನೂ ಕೇಳಲಿಲ್ಲ. ಅವನ ಹೆಂಡತಿ ಒಳಬಾಗಿಲಲ್ಲಿ ಕೈ ಸುತ್ತಿಕೊಂಡು ನಿಂತಿದ್ದಳು. ನಡೀರಿ ಸಾಹೇಬ್, ಟ್ರೇನಿಗೆ ಹೊತ್ತಾಗುತ್ತದೆ ಎಂದು ಯಶೋದಾಬೆನ್ ಎದ್ದರು.

ನಾನು ನೆಲದ ಮೇಲೆ ಕೂತು, ಒಂದು ರೊಟ್ಲೊ ತಟ್ಟು ತಾಯಿ ಎಂದೆ.